ತೆನೆಯಲ್ಲಿ ಎಲ್ಲರಿಗೂ ಪಾಲು

ಮುಂಬಯಿಯಲ್ಲಿ ನೆಲೆಸಿರುವ ಮಂಗಳೂರು ಕಡೆಯ ಸೋದರಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಪತ್ರದ ಕೊನೆಯಲ್ಲಿರುವ ಪ್ರಶ್ನೆ ಒಂದೇ ಸಾಲಿನದು. ಆದರೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅವರ ಅನುಮತಿಯನ್ನು ಪಡೆದು, ಹೆಸರುಗಳನ್ನು ಬಿಟ್ಟು, ಪತ್ರದ ಸಾರವನ್ನು ಇಲ್ಲಿ ಕೊಡುತ್ತಿದ್ದೇನೆ.

ಅವರದು ಮನೆಯಲ್ಲಿ ಕೊಂಕಣಿ ಮಾತನಾಡುವ ಕಥೋಲಿಕ ಕುಟುಂಬ. ಪ್ರತಿವರ್ಷ ಸೆಪ್ಟೆಂಬರ್ 8ರ ಮೊಂತಿ ಹಬ್ಬ ಕಳೆದ ಮೂರು ನಾಲ್ಕು ದಿನಗಳಲ್ಲಿ ಊರಿನ ಹಿರಿಯ ಮನೆಯಿಂದ ಅಂಚೆಯಲ್ಲಿ ಒಂದು ಲಕೋಟೆ ಬರುತ್ತಿತ್ತು. ಕಾಗದದ ಮಡಿಕೆಯೊಳಗೆ ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯ ಏಳೆಂಟು ಭತ್ತದ ಕಾಳುಗಳು. ಅವನ್ನು ಸುಲಿದು, ಕುಟ್ಟಿ, ಹಾಲಿನಲ್ಲಿ ಬೆರೆಸಿ, ಪ್ರಾರ್ಥನೆ ಹೇಳಿ, ಗಂಡಹೆಂಡಿರೂ ಮಗಳೂ ಒಂದೊಂದು ಗುಟುಕು ಕುಡಿಯುತ್ತಿದ್ದರು. ಎರಡು ವರ್ಷಗಳ ಹಿಂದೆ ಅಜ್ಜಿ ತೀರಿಕೊಂಡರು. ಆಮೇಲೆ ಅಣ್ಣತಮ್ಮಂದಿರ ನಡುವೆ ಹಿತ್ತಿಲ ಪಾಲಿನ ವಿಷಯದಲ್ಲಿ ಮಾತು ಬೆಳೆದು, ಮಾತು ನಿಂತುಹೋಯಿತು. ಕಳೆದ ವರ್ಷ ಲಕೋಟೆ ಬರಲಿಲ್ಲ. ಆಗ ಆರು ವರ್ಷದವಳಾಗಿದ್ದ ಮಗಳು, “ನಮ್ಮ ತೆನೆ ಎಲ್ಲಿ?” ಎಂದು ಕೇಳಿದಳು. ತಾಯಿಗೆ ಏನು ಹೇಳಬೇಕೆಂದು ತೋರದೆ, “ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು” ಎಂದರು. ಮಗು ಅದನ್ನು ನಂಬಿತು. ನಂಬಿದ್ದರಿಂದಲೇ ಹದಿನೈದು ದಿನಗಳ ಕಾಲ ಶಾಲೆಯಿಂದ ಬರುವಾಗಲೆಲ್ಲ ಕಟ್ಟಡದ ಕೆಳಗಿನ ಅಂಚೆಪೆಟ್ಟಿಗೆಯೊಳಗೆ ಕೈಹಾಕಿ ನೋಡಿತು. ಈಗ ಹಬ್ಬ ಮತ್ತೆ ಹತ್ತಿರ ಬರುತ್ತಿದೆ. ಮಗಳು ಕೇಳುತ್ತಿದ್ದಾಳೆ: “ಈ ಸಲವೂ ತೆನೆ ಕಳೆದುಹೋಗುವುದೇ, ಅಮ್ಮಾ?”

“ಹಬ್ಬದ ಅರ್ಥವನ್ನು ಮಕ್ಕಳಿಗೆ ಹೇಳಿಕೊಡಿ ಎಂದು ಎಲ್ಲರೂ ಉಪದೇಶಿಸುತ್ತಾರೆ, ನಾನು ಏನೆಂದು ಹೇಳಿಕೊಡಲಿ?” ಎಂಬುದು ಆ ಸೋದರಿಯ ಪ್ರಶ್ನೆ.

ಈ ಹಬ್ಬದ ಪರಿಚಯವಿಲ್ಲದ ವಾಚಕರಿಗಾಗಿ ಮೊದಲು ಎರಡು ಮಾತು. ಸೆಪ್ಟೆಂಬರ್ 8 ಯೇಸುವಿನ ತಾಯಿಯಾದ ಮರಿಯಳ ಜನ್ಮದಿನವೆಂದು ಕಥೋಲಿಕರು ಲೋಕದಾದ್ಯಂತ ಆಚರಿಸುವ ದಿನ. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ತೇರು ಹೊರಡುವುದೂ, ವೇಳಾಂಗಣ್ಣಿಯಲ್ಲಿ ಜನಸಾಗರ ಸೇರುವುದೂ ಅಂದೇ. ಆದರೆ ದಕ್ಷಿಣ ಕನ್ನಡ ಮತ್ತು ಉಡುಪಿಯ ಕೊಂಕಣಿ ಕಥೋಲಿಕರಲ್ಲಿ ಈ ಹುಟ್ಟುಹಬ್ಬ ಹೊಸ ಬೆಳೆಯ ಹಬ್ಬದೊಡನೆ ಬೆಸೆದುಕೊಂಡಿದೆ. ಅದೇ ಮೊಂತಿ ಹಬ್ಬ. ಕನ್ನಡದಲ್ಲಿ ತೆನೆ ಹಬ್ಬ. ಕರಾವಳಿಯ ಏಣೇಲು ಬೆಳೆಯ ಪೈರು ತೆನೆಬಿಡುವ ಕಾಲವೂ ಅದೇ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಹೂ ತಂದು, ಸಾಲಾಗಿ ನಡೆದು, ಹಾಡುತ್ತಾ ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆಗಳನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚಿಗೆ ಒಯ್ದು, ಮನೆಮನೆಗೂ ಹಂಚುತ್ತಾರೆ. ಹೂ ತಂದ ಮಕ್ಕಳಿಗೆ ಕಬ್ಬಿನ ತುಂಡು ದೊರೆಯುತ್ತದೆ. ಮನೆಯಲ್ಲಿ ತೆನೆಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರೂ ಸೇವಿಸಿದ ಮೇಲೆಯೇ ಬಾಳೆಯೆಲೆಯ ಊಟ. ಅದು ಸಂಪ್ರದಾಯದಂತೆ ಸಸ್ಯಾಹಾರ. ಪಲ್ಯ ಪದಾರ್ಥಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಾಗಿರಬೇಕು. ಕೆಸುವಿನ ದಂಟು, ಬೆಂಡೆ, ಹೀರೆ, ಹಾಗಲ, ಅಲಸಂಡೆಗಳು ಅಂದಿನ ಎಲೆಯ ಮೇಲೆ ಕಾಣುವ ನೆಂಟರು.

ಇದನ್ನು ಓದುವಾಗ ಬೇರೆ ಮತದ ವಾಚಕರಿಗೂ ತಮ್ಮ ಮನೆಯ ನೆನಪು ಬಂದೀತು. ಕರಾವಳಿಯ ಹಿಂದೂ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದುಂಟು. ಕೊಡಗಿನಲ್ಲಿ ಹುತ್ತರಿಯ ರಾತ್ರಿ ಕದಿರು ತೆಗೆಯುವುದುಂಟು. ಹೊಸ ಬೆಳೆಯ ಮೊದಲ ಪಾಲನ್ನು ದೇವರಿಗೆ ಒಪ್ಪಿಸಬೇಕೆಂಬ ವಿಧಿ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿಯೂ ಇದೆ. ಮಣ್ಣಿನಿಂದ ಅನ್ನ ಪಡೆದವರೆಲ್ಲರಿಗೂ ಹೊಳೆದ ಸತ್ಯ ಒಂದೇ: ನನ್ನ ತಟ್ಟೆಯಲ್ಲಿರುವುದು ನನ್ನೊಬ್ಬನಿಂದ ಆದದ್ದಲ್ಲ.

ಇನ್ನು ಮಕ್ಕಳ ವಿಷಯಕ್ಕೆ ಬರೋಣ. ಹಬ್ಬದ ಅರ್ಥವನ್ನು ಕಲಿಸುವಾಗ ಹಿರಿಯರು ಸಾಮಾನ್ಯವಾಗಿ ಮೂರು ತಪ್ಪುಗಳನ್ನು ಮಾಡುತ್ತಾರೆ. ಮೊದಲನೆಯದು, ಅರ್ಥವನ್ನೇ ಬಿಟ್ಟು ಹೊಸ ಬಟ್ಟೆ ಮತ್ತು ತಿಂಡಿಗಳಲ್ಲಿ ಹಬ್ಬವನ್ನು ಮುಗಿಸುವುದು. ಎರಡನೆಯದು, ನಾಲ್ಕು ವರ್ಷದ ಕೂಸನ್ನು ಕೂರಿಸಿಕೊಂಡು ದೊಡ್ಡವರಿಗೆ ಹೇಳುವ ಪ್ರವಚನವನ್ನು ಅದಕ್ಕೆ ಹೇಳುವುದು. ಮೂರನೆಯದು, ಎಲ್ಲಕ್ಕಿಂತ ಕೆಟ್ಟದ್ದು, ಹೆದರಿಸುವುದು. “ಹೂ ತರದಿದ್ದರೆ ಮಾತೆ ಮುನಿಯುತ್ತಾಳೆ” ಎಂದು ಹೇಳಿ ಕಳುಹಿಸಿದ ಮಗು ಹೂವನ್ನು ಪ್ರೀತಿಯಿಂದ ಕೊಡುವುದಿಲ್ಲ. ದಂಡ ತೆತ್ತಂತೆ ಕೊಡುತ್ತದೆ.

ಚಿಕ್ಕ ಮಕ್ಕಳ ಬುದ್ಧಿ ಬೆರಳ ತುದಿಯಲ್ಲಿರುತ್ತದೆ. ಮುಟ್ಟಿದ್ದು, ಎಣಿಸಿದ್ದು, ಹಂಚಿದ್ದು ಅವರಿಗೆ ತಿಳಿಯುತ್ತದೆ. ಆದ್ದರಿಂದ ಅವರವರ ವಯಸ್ಸಿಗೆ ತಕ್ಕ ಕೆಲಸವೊಂದನ್ನು ಕೈಗೆ ಕೊಟ್ಟು, ಕೆಲಸದ ನಡುವೆ ಒಂದೆರಡು ಮಾತು ಆಡಿದರೆ ಸಾಕು.

ಮೂರು ನಾಲ್ಕು ವರ್ಷದ ಮಗುವಿಗೆ ಹೂವೇ ಪಾಠ. ಅಂಗಡಿಯಲ್ಲಿ ಕಟ್ಟಿಸಿದ ಹೂಮಾಲೆಯನ್ನು ಕೈಗೆ ತುರುಕಬೇಡಿ. ತಾನೇ ಕಿತ್ತ ಹೂ ಒಂದಾದರೂ ಇರಲಿ. ಅಂಗಳವಿಲ್ಲದವರು ಕುಂಡದ ಹೂವನ್ನು ತೋರಿಸಬಹುದು. ಪಕ್ಕದ ಮನೆಯವರನ್ನು ಕೇಳಿ ಪಡೆಯಬಹುದು. ಕೇಳಿ ಪಡೆಯುವುದೂ ಒಂದು ಪಾಠವೇ. ಪಕ್ಕದ ಮನೆಯ ದಾಸವಾಳ ಚರ್ಚಿನ ಬುಟ್ಟಿಗೆ ಬಿದ್ದಾಗ, ಈ ಹಬ್ಬದಲ್ಲಿ ಆ ಮನೆಯವರಿಗೂ ಒಂದು ಪಾಲಿದೆಯೆಂದು ಮಗುವಿಗೆ ಹೇಳಿ. “ಇಂದು ಒಂದು ಪುಟ್ಟ ಹೆಣ್ಣುಮಗುವಿನ ಹುಟ್ಟುಹಬ್ಬ, ಅದಕ್ಕೆ ಹೂ ಕೊಡೋಣ.” ಈ ವಯಸ್ಸಿಗೆ ಇಷ್ಟು ಧರ್ಮಬೋಧೆ ಸಾಕು.

ಐದಾರು ವರ್ಷದವರಿಗೆ ತೆನೆಯನ್ನು ತೋರಿಸಬೇಕು. ಮಂಗಳೂರಿನ ಸುತ್ತಮುತ್ತ ಗದ್ದೆಗಳು ಕಡಮೆಯಾಗುತ್ತಿವೆ. ಪಟ್ಟಣದಲ್ಲಿ ಬೆಳೆದ ಅನೇಕ ಮಕ್ಕಳಿಗೆ ಅನ್ನ ಗೊತ್ತು, ಭತ್ತ ಗೊತ್ತಿಲ್ಲ. ಅವರಿಗಾಗಿ ಒಂದು ಸುಲಭೋಪಾಯವಿದೆ. ನವದಿನದ ಪ್ರಾರ್ಥನೆ ಆರಂಭವಾಗುವ ದಿನ ಒಂದು ಹಿಡಿ ಬಿತ್ತನೆಯ ಭತ್ತವನ್ನೂ ಒಂದು ಹಿಡಿ ಅಕ್ಕಿಯನ್ನೂ ಬೇರೆಬೇರೆ ಬಟ್ಟಲುಗಳಲ್ಲಿ ನೆನೆಹಾಕಿ. ಮರುದಿನ ಎರಡನ್ನೂ ಎರಡು ತೆಂಗಿನ ಗೆರಟೆಗಳ ಒದ್ದೆ ಮಣ್ಣಿನಲ್ಲಿ ಹರಡಿ, ಮಗುವಿನ ಕೈಯಿಂದಲೇ ದಿನವೂ ನೀರು ಚಿಮುಕಿಸಿ. ಕೆಲವೇ ದಿನಗಳಲ್ಲಿ ಭತ್ತ ಮೊಳೆಯುತ್ತದೆ. ಹಬ್ಬದ ವೇಳೆಗೆ ಹಸುರು ಸಸಿಗಳು ತಲೆಯೆತ್ತಿರುತ್ತವೆ. ಗಿರಣಿಯ ಅಕ್ಕಿ ಮಾತ್ರ ಮೊಳೆಯದೆ ಕೊಳೆಯುತ್ತದೆ. “ಏಕೆ?” ಎಂದು ಮಗು ಕೇಳಿಯೇ ಕೇಳುತ್ತದೆ. ಉಮಿಯೊಡನೆ ಮೊಳಕೆಯ ಕಣ್ಣೂ ಹೋಗಿಬಿಟ್ಟಿತೆಂದು ಹೇಳಿ. ನಾವು ಉಣ್ಣುವ ಒಂದೊಂದು ಅಗುಳೂ ಒಂದೊಂದು ಪೈರಾಗಬಹುದಾಗಿತ್ತು; ನಮಗಾಗಿ ಅದು ಪೈರಾಗುವುದನ್ನು ಬಿಟ್ಟಿತು. ಇಷ್ಟು ತಿಳಿದ ಮಗುವಿಗೆ “ಅನ್ನ ಚೆಲ್ಲಬೇಡ” ಎಂದು ಗದರಬೇಕಾಗುವುದಿಲ್ಲ.

ಹಬ್ಬದ ದಿನ ತೆನೆ ಮನೆಗೆ ಬಂದಾಗ ಕಾಳು ಸುಲಿಯುವ ಕೆಲಸ ಮಕ್ಕಳದ್ದಾಗಲಿ. ಇನ್ನೂ ಬಲಿಯದ ಹಾಲುಗಾಳನ್ನು ಉಗುರಿನಿಂದ ಒತ್ತಿದರೆ ಬೆಳ್ಳನೆಯ ಹನಿಯೊಂದು ಹೊರಬರುತ್ತದೆ. ಅದನ್ನು ಕಂಡು ಬೆರಗಾಗದ ಮಗುವಿಲ್ಲ. ಎಲೆಯ ಮೇಲಿನ ಪಲ್ಯಗಳನ್ನು ಎಣಿಸಿ ಸಂಖ್ಯೆ ಬೆಸವಾಗಿದೆಯೇ ಎಂದು ಪರೀಕ್ಷಿಸುವ ಅಧಿಕಾರವನ್ನೂ ಅವರಿಗೇ ಒಪ್ಪಿಸಿ. ಹಾಗಲಕಾಯಿ ಬೇಡವೆನ್ನುವ ಮಗು ಕೂಡ ಲೆಕ್ಕ ತಪ್ಪೀತೆಂದು ಅದನ್ನು ಎಲೆಯಲ್ಲಿ ಇರಗೊಡುತ್ತದೆ.

ಏಳೆಂಟು ವರ್ಷದವರಿಗೆ ಕಥೆಯನ್ನು ಹೇಳಬಹುದು. ಮರಿಯಳ ಜನನದ ವೃತ್ತಾಂತ ಬೈಬಲಿನ ಶುಭಸಂದೇಶಗಳಲ್ಲಿ ಇಲ್ಲ. ಎರಡನೆಯ ಶತಮಾನದ್ದೆಂದು ಪಂಡಿತರು ಹೇಳುವ, ಯಾಕೋಬನ ಹೆಸರಿನಲ್ಲಿ ಪ್ರಚಾರದಲ್ಲಿರುವ ಪುರಾತನ ಗ್ರಂಥವೊಂದರಲ್ಲಿ ಅದು ಬರುತ್ತದೆ. ಬಹುಕಾಲ ಮಕ್ಕಳಿಲ್ಲದೆ ಜನರ ಹೀನಾಯದ ಮಾತು ಕೇಳಿ ನೊಂದ ಜೋಕಿಮ್ ಮತ್ತು ಅನ್ನಾ ಎಂಬ ದಂಪತಿಗಳು. ಮಗುವಾಗುವುದೆಂಬ ವಾರ್ತೆ ಬಂದಾಗ ಅನ್ನಾ, ಹುಟ್ಟುವುದು ಗಂಡಾಗಲಿ ಹೆಣ್ಣಾಗಲಿ ದೇವರಿಗೇ ಅರ್ಪಿಸುವೆನೆಂದು ಹೇಳುತ್ತಾಳೆ. ಹೆರಿಗೆಯಾದಾಗ ಮಗು ಯಾವುದೆಂದು ಸೂಲಗಿತ್ತಿಯನ್ನು ಕೇಳುತ್ತಾಳೆ. ಹೆಣ್ಣೆಂದು ತಿಳಿದಾಗ ಅವಳ ಮನಸ್ಸು ಕುಗ್ಗುವುದಿಲ್ಲ, ಹಿಗ್ಗುತ್ತದೆ. ನಮ್ಮ ನಾಡಿನಲ್ಲಿ ಹೆಣ್ಣು ಹುಟ್ಟಿತೆಂದರೆ ಮುಖ ಬಾಡುವ ಮನೆಗಳು ಇನ್ನೂ ಇಲ್ಲವಾಗಿಲ್ಲ. ಒಂದು ಹೆಣ್ಣುಕೂಸು ಹುಟ್ಟಿದ್ದಕ್ಕಾಗಿ ಊರ ಮಕ್ಕಳೆಲ್ಲ ಒಂಬತ್ತು ದಿನ ಹೂ ಹೊತ್ತು ನಡೆಯುವ ಹಬ್ಬದಲ್ಲಿ ಮಗಳಿಗೂ ಮಗನಿಗೂ ಕಲಿಯಬೇಕಾದದ್ದು ಬಹಳವಿದೆ. ಆದರೆ ತಾಯಂದಿರು ಒಂದನ್ನು ಗಮನಿಸಬೇಕು: ಈ ಕಥೆ ಹೇಳಿದ ದಿನವೇ ಮಗನಿಗೆ ದೊಡ್ಡ ಬಟ್ಟಲಿನಲ್ಲಿಯೂ ಮಗಳಿಗೆ ಚಿಕ್ಕ ಬಟ್ಟಲಿನಲ್ಲಿಯೂ ಪಾಯಸ ಬಡಿಸಿದರೆ, ಮಕ್ಕಳು ಕಲಿಯುವುದು ಕಥೆಯನ್ನಲ್ಲ, ಬಟ್ಟಲನ್ನು.

ಹತ್ತು ವರ್ಷ ದಾಟಿದವರಿಗೆ ಚರಿತ್ರೆಯ ಮಾತುಗಳನ್ನೂ ಹೇಳಬಹುದು. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಮೋಂತೆ ಮರಿಯಾನೊ ಎಂಬ ಚರ್ಚಿದೆ. ಪೋರ್ಚುಗೀಸ್ ಭಾಷೆಯಲ್ಲಿ ಮೋಂತೆ ಎಂದರೆ ಬೆಟ್ಟ. ‘ಮೊಂತಿ’ ಎಂಬ ಹೆಸರಿಗೆ ಅದೇ ಮೂಲ. ಗೋವೆಯಿಂದ ಬಂದ ಜೋಕಿಂ ಮಿರಾಂದ ಎಂಬ ಪಾದ್ರಿಗಳು 1763ರಲ್ಲಿ ಅಲ್ಲಿ ಈ ಹಬ್ಬಕ್ಕೆ ಮೊದಲು ಮಾಡಿದರೆಂದು ಸಮುದಾಯದ ಹಿರಿಯರ ಹೇಳಿಕೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಹಲವು ಚರ್ಚುಗಳು ಕೆಡವಲ್ಪಟ್ಟರೂ, ಮಿರಾಂದ ಪಾದ್ರಿಗಳಿಗೂ ಹೈದರಾಲಿಗೂ ಇದ್ದ ಸ್ನೇಹದ ಕಾರಣ ಮೋಂತೆ ಮರಿಯಾನೊ ಉಳಿಯಿತೆಂದು ಅದೇ ಹಿರಿಯರು ಹೇಳುತ್ತಾರೆ. ಇದನ್ನು ಮಕ್ಕಳಿಗೆ ಹೇಳುವಾಗ ಎರಡು ಮಾತನ್ನೂ ಹೇಳಬೇಕು: ಸೆರೆಯ ಮಾತನ್ನೂ, ಸ್ನೇಹದ ಮಾತನ್ನೂ. ಒಂದನ್ನು ಮರೆಸಿ ಇನ್ನೊಂದನ್ನು ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ. ಹದಿನೈದು ವರ್ಷಗಳ ಮೇಲೆ ಊರಿಗೆ ಮರಳಿದವರು ಮತ್ತೆ ಉತ್ತು ಬಿತ್ತಿದರು. ಮರಳದೆ ಹೋದವರು ಅನೇಕರು. ಹಬ್ಬದ ಎಲೆಗಳ ಮುಂದೆ ಕುಳಿತಾಗ ಇಲ್ಲದವರ ನೆನಪು ಆಗುವುದು ಅಲ್ಲಿಂದಲೇ ಬಂದ ಅಭ್ಯಾಸವೋ ಏನೋ ಎಂದು ನನಗೆ ಅನಿಸುತ್ತದೆ.

ಏಕೆಂದರೆ ಈ ಹಬ್ಬದ ಹೃದಯವಿರುವುದು ಅಲ್ಲಿಯೇ. ಹಳೆಯ ಮನೆಗಳಲ್ಲಿ ಹಿರಿಯರು ತೆನೆಯನ್ನು ಹಿಡಿದು ಕುಳಿತರೆ ಮೊದಲು ಆಗುತ್ತಿದ್ದದ್ದು ಲೆಕ್ಕ. ಮನೆಯಲ್ಲಿರುವವರು ಇಷ್ಟು ಮಂದಿ; ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇಷ್ಟು; ಮುಂಬಯಿಯಲ್ಲಿ ಒಬ್ಬ, ಗಲ್ಫಿನಲ್ಲಿ ಇಬ್ಬರು. ದೂರದಲ್ಲಿದ್ದವರ ಪಾಲು ಕಾಗದದಲ್ಲಿ ಮಡಿಸಿ ಅಂಚೆಗೆ ಹೋಗುತ್ತಿತ್ತು. ಇಂದಿಗೂ ಈ ಕ್ರಮವನ್ನು ಉಳಿಸಿಕೊಂಡ ಮನೆಗಳಿವೆ. ಏಳೆಂಟು ಕಾಳು ಭತ್ತದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. “ಲೆಕ್ಕದಲ್ಲಿ ನಿನ್ನನ್ನು ಬಿಟ್ಟಿಲ್ಲ” ಎಂದು ಹೇಳುವುದೇ ಆ ಲಕೋಟೆಯ ಕೆಲಸ.

ಈಗ ಮುಂಬಯಿಯ ಸೋದರಿಯ ಪ್ರಶ್ನೆಗೆ ಬರುತ್ತೇನೆ. ಅಮ್ಮಾ, ನಿಮ್ಮ ಮಗಳಿಗೆ ಹಬ್ಬದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ಅದು ಅವಳಿಗೆ ಆಗಲೇ ತಿಳಿದಿದೆ. ತನ್ನ ಪಾಲು ಬರಲಿಲ್ಲವೆಂದು ಹದಿನೈದು ದಿನ ಪೆಟ್ಟಿಗೆ ತಡಕಿದ ಮಗುವಿಗೆ ಈ ಹಬ್ಬ ಗೊತ್ತು. ಇನ್ನು ಕಲಿಯಬೇಕಾದವರು ದೊಡ್ಡವರು.

ನೀವು ಕಳೆದ ವರ್ಷ ಆಡಿದ ಸುಳ್ಳಿಗಾಗಿ ನಿಮ್ಮನ್ನು ನಾನು ದೂರುವುದಿಲ್ಲ. ಮಗುವಿನ ಮನಸ್ಸು ನೋಯದಿರಲೆಂದು ಆಡಿದ ಮಾತು ಅದು. ಆದರೆ ಅದರ ಫಲವನ್ನು ನೀವೇ ಕಂಡಿದ್ದೀರಿ: ನೋವು ತಪ್ಪಲಿಲ್ಲ, ಹದಿನೈದು ದಿನಗಳಿಗೆ ಹಂಚಿಹೋಯಿತು. ಈ ಸಲ ನಿಜವನ್ನು ಹೇಳಿ. ಏಳು ವರ್ಷದ ಮಗು ಹೊರಬಲ್ಲಷ್ಟೇ ನಿಜ ಸಾಕು. “ಕಳೆದ ವರ್ಷ ತೆನೆ ಅಂಚೆಯಲ್ಲಿ ಕಳೆದುಹೋಗಲಿಲ್ಲ. ನಿನ್ನ ಅಪ್ಪನಿಗೂ ದೊಡ್ಡಪ್ಪನಿಗೂ ಮನಸ್ತಾಪವಾಗಿದೆ. ನಾನು ಹೇಳಿದ್ದು ತಪ್ಪು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ.” ಇಷ್ಟೇ. ಹಿತ್ತಿಲು ಯಾರದ್ದು, ಯಾರ ಮಾತು ಮೊದಲು ಒರಟಾಯಿತು ಎಂಬುದನ್ನೆಲ್ಲ ಅವಳ ಮುಂದೆ ಬಿಚ್ಚಬೇಡಿ. ದೊಡ್ಡಪ್ಪನ ವಿಷಯದಲ್ಲಿ ಕಹಿ ಮಾತು ಅವಳ ಕಿವಿಗೆ ಬೀಳದಿರಲಿ. ತಾಯಿ ತನ್ನ ತಪ್ಪನ್ನು ಒಪ್ಪಿಕೊಂಡದ್ದನ್ನು ಕಂಡ ಮಗು ತಾಯಿಯನ್ನು ಕೀಳಾಗಿ ಕಾಣುವುದಿಲ್ಲ. ತಪ್ಪು ಒಪ್ಪಿಕೊಳ್ಳಬಹುದೆಂಬುದನ್ನು ಕಲಿಯುತ್ತದೆ.

ಎರಡನೆಯ ಮಾತು ನಿಮ್ಮ ಯಜಮಾನರಿಗೆ. ಮುಂಬಯಿಯಲ್ಲಿಯೂ ಮಂಗಳೂರಿನವರು ಸೇರಿ ಮೊಂತಿ ಹಬ್ಬವನ್ನು ಆಚರಿಸುತ್ತಾರೆ; ಅಲ್ಲಿ ಆಶೀರ್ವಾದದ ತೆನೆ ದೊರೆಯಬಹುದು. ಅದರ ಏಳೆಂಟು ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಲಕೋಟೆಯ ಮೇಲೆ ಅಣ್ಣನ ವಿಳಾಸವನ್ನು ತಮ್ಮನೇ ತನ್ನ ಕೈಯಾರೆ ಬರೆಯಲಿ. ಇಷ್ಟು ಕಾಲ ಹಿರಿಯ ಮನೆಯಿಂದ ಕಿರಿಯ ಮನೆಗೆ ಬಂದದ್ದು ಒಂದು ಸಲ ಕಿರಿಯ ಮನೆಯಿಂದ ಹಿರಿಯ ಮನೆಗೆ ಹೋದರೆ ಕ್ರಮ ಕೆಡುವುದಿಲ್ಲ. ಮಗುವಿನಿಂದ ಮುದ್ದಾದ ಪತ್ರ ಬರೆಯಿಸಿ ಕಳುಹಿಸುವ ಉಪಾಯವನ್ನು ಮಾತ್ರ ದಯವಿಟ್ಟು ಮಾಡಬೇಡಿ. ದೊಡ್ಡವರು ಮುರಿದದ್ದನ್ನು ಮಗುವಿನ ಪುಟ್ಟ ಕೈಗಳಿಂದ ಅಂಟಿಸುವುದು ನ್ಯಾಯವಲ್ಲ.

ಹಿತ್ತಿಲಿನ ಹಕ್ಕನ್ನು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಅದು ಕಾಗದಪತ್ರಗಳ ವಿಷಯ. ತಿಳಿದವರು ಕುಳಿತು ತೀರ್ಮಾನಿಸಲಿ. ಆದರೆ ತೆನೆಯ ಮೇಲೆ ವ್ಯಾಜ್ಯವಿಲ್ಲವಷ್ಟೆ? ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುವಿನ ಬೋಧೆಯೊಂದಿದೆ. ಕಾಣಿಕೆಯನ್ನು ಅರ್ಪಿಸಲು ಬಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ನೋವಿದೆಯೆಂಬ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗಬೇಕೆಂಬುದು ಅದರ ತಾತ್ಪರ್ಯ. ಯಾರದು ತಪ್ಪು ಎಂಬ ವಿಚಾರಣೆ ಅಲ್ಲಿಲ್ಲ. ನೆನಪಾದವನೇ ಮೊದಲು ಹೊರಡಬೇಕು.

ಲಕೋಟೆ ಹೋದ ಮೇಲೆ ಉತ್ತರ ಬರದೆಯೂ ಇರಬಹುದು. ಅದನ್ನೂ ಮಗುವಿಗೆ ಮುಂಚೆಯೇ ಹೇಳಿಡಿ. “ನಾವು ಕಳುಹಿಸಿದ್ದೇವೆ. ಅವರಿಂದ ಬಂದರೆ ಸಂತೋಷ. ಬರದಿದ್ದರೆ ಮುಂದಿನ ವರ್ಷವೂ ಕಳುಹಿಸೋಣ.” ಕೊಟ್ಟದ್ದಕ್ಕೆ ಮರಳಿ ಬರಲೇಬೇಕೆಂಬ ಕರಾರಿಲ್ಲದೆ ಕೊಡುವುದನ್ನು ಮಗು ಕಲಿತರೆ, ಆ ಹಬ್ಬ ಮನೆಯಲ್ಲಿ ವ್ಯರ್ಥವಾಗಲಿಲ್ಲ.

ಕ್ರೈಸ್ತರಲ್ಲದ ತಾಯಂದಿರಿಗೂ ಈ ಮಾತು ಸಲ್ಲುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಯುಗಾದಿಯ ಬೇವುಬೆಲ್ಲವನ್ನೂ ಸಂಕ್ರಾಂತಿಯ ಎಳ್ಳುಬೆಲ್ಲವನ್ನೂ ಹಂಚಲು ನಾವು ಮಕ್ಕಳನ್ನು ಕಳುಹಿಸುತ್ತೇವೆ. ಯಾವ ಮನೆಯ ಬಾಗಿಲನ್ನು ಮಾತ್ರ ತಟ್ಟಬಾರದೆಂದು ಹೇಳಿ ಕಳುಹಿಸುತ್ತೇವೆ ಎಂಬುದನ್ನು ಒಮ್ಮೆ ನೆನೆಸಿಕೊಳ್ಳೋಣ. ಮಕ್ಕಳು ತಟ್ಟೆಯ ಮೇಲಿನ ಸಿಹಿಯನ್ನು ಮರೆಯುತ್ತಾರೆ. ತಟ್ಟದ ಬಾಗಿಲನ್ನು ಮರೆಯುವುದಿಲ್ಲ.

ಸೋದರಿಯವರಿಗೆ ಕೊನೆಯದಾಗಿ ಒಂದು ಸಲಹೆ. ಹಬ್ಬದ ದಿನ ಹಾಲಿಗೆ ಬೆರೆಸುವ ಮೊದಲು ಕಾಳುಗಳನ್ನು ತಟ್ಟೆಯಲ್ಲಿ ಹರಡಿ, ಮಗಳಿಂದಲೇ ಎಣಿಸಿ. ಅಪ್ಪನಿಗೊಂದು, ಅಮ್ಮನಿಗೊಂದು, ತನಗೊಂದು. ಆಮೇಲೆ ಅವಳು ದೊಡ್ಡಪ್ಪನ ಮನೆಯವರ ಹೆಸರು ಹೇಳಿ ಕಾಳು ತೆಗೆದಿಟ್ಟರೆ ಯಾರೂ ತಡೆಯಬೇಡಿ.